ಹೃದಯ ಬಡಿಯುತ್ತಿರುವಾಗಲೇ ಸಾವು: ಒಂದು ವಿವಾದ ಬೆಳೆದ ಬಗೆ

ಉಸಿರು ನಿಂತು ಎದೆಬಡಿತ ಅಡಗಿದರೆ ಸಾವು ಎಂಬ ವಿಷಯದಲ್ಲಿ ವೈದ್ಯರಿಗೂ ಧರ್ಮಗುರುಗಳಿಗೂ ಬಹುಕಾಲ ದೊಡ್ಡ ತಕರಾರೇನೂ ಇರಲಿಲ್ಲ. ಈ ಒಮ್ಮತವನ್ನು ಕದಡಿದ್ದು ಒಂದು ಚಿಕಿತ್ಸೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಹಾಕಿಕೊಟ್ಟ ದಾರಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಹಗಲಿರುಳು ಸರದಿಯಂತೆ ಕುಳಿತು, ರೋಗಿಗಳ ಗಂಟಲಿಗೆ ಅಳವಡಿಸಿದ ಕೊಳವೆಗೆ ಕೈಯಿಂದಲೇ ರಬ್ಬರ್ ಚೀಲ ಹಿಸುಕಿ ಗಾಳಿ ಒದಗಿಸಿದರು. ಮುಂದೆ ಈ ಕೆಲಸವನ್ನು ವೆಂಟಿಲೇಟರ್ ವಹಿಸಿಕೊಂಡಾಗ, ಮಿದುಳು ಚೇತರಿಸಿಕೊಳ್ಳಲಾಗದಷ್ಟು ಹಾಳಾದರೂ ಮೈ ಬೆಚ್ಚಗಿದ್ದು ಹೃದಯ ಬಡಿಯುತ್ತಿರುವ, ಮುಂದೆ ‘ಮಿದುಳಿನ ಸಾವು’ ಎನಿಸಿಕೊಂಡ ಹೊಸ ಸ್ಥಿತಿಯೊಂದು ವೈದ್ಯರಿಗೆ ಎದುರಾಯಿತು. 1959ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ಇಂಥ 23 ರೋಗಿಗಳ ಸ್ಥಿತಿಯನ್ನು ವಿವರಿಸಿದರು.

ಧರ್ಮ ಇಲ್ಲಿ ವಿಜ್ಞಾನಕ್ಕೆ ಅಡ್ಡಗಾಲು ಹಾಕಿತೆಂದು ಭಾವಿಸುವವರು 1957ರ ನವೆಂಬರ್‌ನಲ್ಲಿ ಪೋಪ್ ಹನ್ನೆರಡನೇ ಪಯಸ್ ಅರಿವಳಿಕೆ ತಜ್ಞರಿಗೆ ಕೊಟ್ಟ ಉತ್ತರವನ್ನು ಗಮನಿಸಬೇಕು. ಅಸಾಧಾರಣ ಚಿಕಿತ್ಸೆಯನ್ನು ಮುಂದುವರಿಸಲೇಬೇಕೆಂಬ ಕಟ್ಟುಪಾಡಿಲ್ಲ, ಸಾವಿನ ಕ್ಷಣವನ್ನು ನಿರ್ಧರಿಸುವುದು ವೈದ್ಯರ ಕೆಲಸ ಎಂದು ಅವರು ಹೇಳಿದ್ದರು.

ಮಿದುಳಿನ ಸಾವಿನ ಬಗೆಗಿನ ಅನುಮಾನಕ್ಕೆ ನಿಜವಾದ ಕಾರಣ ಬೇರೆಡೆ ಇದೆ. 1967ರ ಡಿಸೆಂಬರ್‌ನಲ್ಲಿ ಕೇಪ್‌ಟೌನ್‌ನಲ್ಲಿ ಶಸ್ತ್ರವೈದ್ಯ ಕ್ರಿಶ್ಚಿಯನ್ ಬರ್ನಾರ್ಡ್ ಮನುಷ್ಯನ ಹೃದಯವನ್ನು ಮತ್ತೊಬ್ಬರಿಗೆ ಕಸಿ ಮಾಡಿದರು. ವರ್ಷ ತುಂಬುವ ಮೊದಲೇ, 1968ರ ಆಗಸ್ಟ್‌ನಲ್ಲಿ, ವೈದ್ಯ ಹೆನ್ರಿ ಬೀಚರ್ ಅಧ್ಯಕ್ಷತೆಯ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯು ಮರಳಿ ಬಾರದ ಕೋಮಾವನ್ನೇ ಸಾವಿನ ಹೊಸ ಮಾನದಂಡವಾಗಿ ಒಪ್ಪಬೇಕೆಂದು ವರದಿ ಕೊಟ್ಟಿತು. ರೋಗಿ, ಕುಟುಂಬ ಮತ್ತು ಆಸ್ಪತ್ರೆಗಳ ಮೇಲಿನ ಹೊರೆ ಅದು ಕೊಟ್ಟ ಒಂದು ಕಾರಣವಾದರೆ, ಹಳೆಯ ಮಾನದಂಡದಿಂದ ಕಸಿಗೆ ಅಂಗ ಪಡೆಯುವಲ್ಲಿ ವಿವಾದವಾಗಬಹುದೆಂಬುದು ಇನ್ನೊಂದು. ಸಮಿತಿ ಇದನ್ನು ಮುಚ್ಚಿಡಲಿಲ್ಲ ಎಂಬುದು ಮೆಚ್ಚತಕ್ಕದ್ದೇ. ಆದರೆ ಅಂಗ ಬೇಕಾಗಿರುವುದರಿಂದಲೇ ಸಾವಿನ ಗೆರೆಯನ್ನು ಹಿಂದಕ್ಕೆ ಸರಿಸಲಾಯಿತೆ ಎಂಬ ಪ್ರಶ್ನೆ ಹುಟ್ಟಿದ್ದೂ ಅಲ್ಲಿಂದಲೇ. ಅದೇ ತಿಂಗಳು ಜಪಾನಿನ ಸಪೊರೊದಲ್ಲಿ ನಡೆದ ಹೃದಯ ಕಸಿಯ ಸುತ್ತ ಎದ್ದ ಸಂಶಯಗಳ ಪರಿಣಾಮವಾಗಿ, ಮಿದುಳು ನಿಷ್ಕ್ರಿಯಗೊಂಡವರಿಂದ ಅಂಗ ಪಡೆಯುವ ಕಾನೂನು ಅಲ್ಲಿ ಬಂದದ್ದು ತಡವಾಗಿ, 1997ರಲ್ಲಷ್ಟೇ.

ಧರ್ಮಗಳ ಒಳಗೂ ಒಂದೇ ದನಿ ಇರಲಿಲ್ಲ. 1986ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ ಮಿದುಳಿನ ಸಾವನ್ನು ಒಪ್ಪಿತು. ಮರುವರ್ಷವೇ ಮೆಕ್ಕಾದ ವಿದ್ವಾಂಸರ ಮಂಡಳಿ ವೆಂಟಿಲೇಟರ್ ತೆಗೆಯಬಹುದು, ಆದರೆ ಹೃದಯ ನಿಲ್ಲುವ ತನಕ ಸಾವೆನ್ನಲಾಗದು ಎಂದಿತು. ಇಸ್ರೇಲಿನ ಮುಖ್ಯ ರಬ್ಬಿಗಳ (ಯಹೂದಿ ಧರ್ಮಗುರುಗಳ) ಮಂಡಳಿ 1986ರಲ್ಲಿ ಷರತ್ತಿನ ಮೇಲೆ ಒಪ್ಪಿಕೊಂಡರೂ ಅನೇಕ ಸಂಪ್ರದಾಯನಿಷ್ಠ ರಬ್ಬಿಗಳು ಇಂದಿಗೂ ಒಪ್ಪಿಲ್ಲ. ಅಮೆರಿಕದ ನ್ಯೂಜೆರ್ಸಿ ರಾಜ್ಯವಂತೂ 1991ರಲ್ಲಿ ಧಾರ್ಮಿಕ ನಂಬಿಕೆಗೆ ವಿರುದ್ಧವಾದಲ್ಲಿ ಮಿದುಳಿನ ಸಾವನ್ನು ಘೋಷಿಸಬಾರದೆಂಬ ವಿನಾಯಿತಿಯನ್ನು ಕಾನೂನಿನಲ್ಲೇ ಸೇರಿಸಿತು.

ಇಂದಿನ ಜಗಳ ಹೆಚ್ಚು ಸೂಕ್ಷ್ಮವಾದದ್ದು. ಸಾವನ್ನು ಖಚಿತಪಡಿಸುವ ಪರೀಕ್ಷೆಯಲ್ಲಿ ವೆಂಟಿಲೇಟರ್‌ನ ಉಸಿರಾಟವನ್ನು ಕೆಲ ನಿಮಿಷ ನಿಲ್ಲಿಸಿ, ಆಮ್ಲಜನಕವನ್ನಷ್ಟೇ ಹರಿಸುತ್ತ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಎದೆ ತಾನಾಗಿ ಅಲುಗುವುದೇ ಎಂದು ವೈದ್ಯರು ನೋಡುತ್ತಾರೆ. ಇದಕ್ಕೆ ಕುಟುಂಬದ ಒಪ್ಪಿಗೆ ಬೇಕೆ? ಇಡೀ ಮಿದುಳಿನ ಎಲ್ಲ ಕಾರ್ಯಗಳೂ ನಿಂತಿರಬೇಕು ಎನ್ನುತ್ತದೆ ಅಮೆರಿಕದ 1981ರ ಮಾದರಿ ಕಾನೂನು. ಹಾಗಿರುವಾಗ, ಹಾರ್ಮೋನು ನಿಯಂತ್ರಿಸುವ ಭಾಗ ಕೆಲವರಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರೆ ಏನು ಹೇಳುವುದು? ಇವೇ ಪ್ರಶ್ನೆಗಳ ಮೇಲೆ ಆ ಕಾನೂನನ್ನು ತಿದ್ದಲು ಹೊರಟ ಸಮಿತಿಯು ಒಮ್ಮತಕ್ಕೆ ಬರಲಾಗದೆ 2023ರಲ್ಲಿ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿತು.