ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ, ಕೊಟ್ಟಿಗೆಯ ಗಳಲೆ ರೋಗ

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆ ಹುಳುಮನೆಗೆ ಇಲಿ ನುಗ್ಗಿದರೆ ಹುಳುವೂ ಗೂಡೂ ಹಾಳಾಗುವುದರಿಂದ, ಬೆಕ್ಕಿಗೆ ಅಲ್ಲಿ ಬೆಲೆಯಿದೆ. ಅದು ಕೈಗೆ ಬಾಯಿ ಹಾಕಿದಾಗ ಕಾಣುವುದು ಎರಡು ಸಣ್ಣ ಚುಕ್ಕೆ ಮಾತ್ರ. ರಕ್ತವೂ ಹೆಚ್ಚು ಬಾರದ ಕಾರಣ ಅರಿಶಿನ ಹಚ್ಚಿ ಸುಮ್ಮನಾಗುವವರುಂಟು. ಆದರೆ ನಾಯಿಯ ಹಲ್ಲು ಮಾಂಸವನ್ನು ಹರಿದರೆ, ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕಿಳಿದು ಬೆರಳಿನ ಕೀಲಿನವರೆಗೂ ಬ್ಯಾಕ್ಟೀರಿಯಾಗಳನ್ನು ತಲುಪಿಸುತ್ತದೆ. ಮೇಲಿನ ಚರ್ಮ ಬೇಗ ಮುಚ್ಚಿಕೊಳ್ಳುವುದರಿಂದ ಕೀವಿಗೆ ಹೊರದಾರಿ ಇಲ್ಲದಂತಾಗುತ್ತದೆ.

ಹೀಗೆ ಒಳಹೊಕ್ಕವುಗಳಲ್ಲಿ ಮುಖ್ಯವಾದುದು ಪಾಸ್ಚುರೆಲ್ಲಾ ಮಲ್ಟೋಸಿಡಾ. ಆರೋಗ್ಯವಂತ ಬೆಕ್ಕುಗಳಲ್ಲೂ ಶೇ. 70ರಿಂದ 90ರಷ್ಟರ ಬಾಯಿಯಲ್ಲಿ ಇದು ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತದೆ. ಮನುಷ್ಯನ ಕೈಯಲ್ಲಾದರೋ 24 ಗಂಟೆಯೊಳಗೇ ಊತ, ಕೆಂಪು, ಮಿಡಿಯುವ ನೋವು ಶುರುವಾಗುತ್ತದೆ. ಲೂಯಿ ಪಾಸ್ಚರ್ 1880ರ ಸುಮಾರಿಗೆ ಕೋಳಿ ಕಾಲರಾ ಕುರಿತು ಪ್ರಯೋಗ ನಡೆಸಿದ್ದು ಇದೇ ಬ್ಯಾಕ್ಟೀರಿಯಾದ ಮೇಲೆ. ಮಳೆಗಾಲಕ್ಕೆ ಮುನ್ನ ನಮ್ಮ ಹೈನುಗಾರರು ಎಮ್ಮೆ, ದನಗಳಿಗೆ ಲಸಿಕೆ ಹಾಕಿಸುವ ಗಳಲೆ ರೋಗಕ್ಕೂ ಇದರದೇ ಇನ್ನೊಂದು ಬಗೆ ಕಾರಣ. ಬಗೆಗಳು ಬೇರೆಯಾದ್ದರಿಂದ, ಹಸುವಿಗೆ ಗಳಲೆ ಬಂದರೆ ಮನೆಯ ಬೆಕ್ಕನ್ನು ದೂರುವಂತಿಲ್ಲ.

ಊತ ಕಂಡಾಗ ಮೆಡಿಕಲ್ ಶಾಪಿಗೆ ಹೋಗಿ "ಕೀವಿನ ಮಾತ್ರೆ" ಕೇಳುವ ರೂಢಿಯಲ್ಲೇ ತೊಡಕಿದೆ. ಚರ್ಮದ ಸೋಂಕಿಗೆ ಸಾಮಾನ್ಯವಾಗಿ ಬಳಸುವ ಸೆಫಾಲೆಕ್ಸಿನ್ ಮತ್ತು ಎರಿಥ್ರೋಮೈಸಿನ್ ಪಾಸ್ಚುರೆಲ್ಲಾದ ಮೇಲೆ ನಂಬುವಂತೆ ಕೆಲಸ ಮಾಡುವುದಿಲ್ಲ. ಕ್ಲಿಂಡಾಮೈಸಿನ್‌ಗಂತೂ ಅದು ಜಗ್ಗುವುದೇ ಇಲ್ಲ. ಇದು ಔಷಧದ ದುರ್ಬಳಕೆಯಿಂದ ಬಂದ ನಿರೋಧಕತೆಯಲ್ಲ, ಆ ಜೀವಿಯ ಹುಟ್ಟುಗುಣ. ಸೋಜಿಗವೆಂದರೆ ಹಳೆಯ ಪೆನಿಸಿಲಿನ್‌ಗೆ ಬೆಕ್ಕಿನ ಪಾಸ್ಚುರೆಲ್ಲಾ ಇಂದಿಗೂ ಬಹುಮಟ್ಟಿಗೆ ಮಣಿಯುತ್ತದೆ. ಕಚ್ಚಿದ ಗಾಯದಲ್ಲಿ ಪೆನಿಸಿಲಿನ್ ಅನ್ನು ಮುರಿಯಬಲ್ಲ ಇತರ ಬ್ಯಾಕ್ಟೀರಿಯಾಗಳೂ ಬೆರೆತಿರುವುದರಿಂದ, ಅಲರ್ಜಿ ಇಲ್ಲದವರಿಗೆ ವೈದ್ಯರು ಪೆನಿಸಿಲಿನ್ ಬಳಗದ ಅಮಾಕ್ಸಿಸಿಲಿನ್ ಜೊತೆ, ಆ ಮುರಿತವನ್ನು ತಡೆಯುವ ಕ್ಲಾವುಲನೇಟ್ ಸೇರಿದ ಮಾತ್ರೆ ಬರೆಯುತ್ತಾರೆ. ಹೀಗಾಗಿ ಕಚ್ಚಿದ್ದು ಬೆಕ್ಕು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. (ಈ ಔಷಧಗಳಾವುವೂ ರೇಬೀಸ್ ವೈರಸ್‌ಗೆ ನಾಟುವುದಿಲ್ಲ. ಗಾಯವನ್ನು ತಕ್ಷಣ 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಅದೇ ದಿನ ಲಸಿಕೆಗೆ ಹೋಗುವುದು ಎಲ್ಲಕ್ಕಿಂತ ಮೊದಲು.)

ಗಳಿಸಿಕೊಂಡ ನಿರೋಧಕತೆಯ ಕಥೆ ದನಗಳ ಕಡೆಯದು. ಅಮೆರಿಕದ ದನವೊಂದರ ಶ್ವಾಸಮಾರ್ಗದಲ್ಲಿ ಸಿಕ್ಕ ಪಾಸ್ಚುರೆಲ್ಲಾದಲ್ಲಿ 12 ನಿರೋಧಕ ಜೀನ್‌ಗಳು ಒಂದೇ ಡಿಎನ್‌ಎ ತುಣುಕಿನಲ್ಲಿ ಕುಳಿತಿದ್ದುದು 2012ರಲ್ಲಿ ವರದಿಯಾಯಿತು. ಆ ತುಣುಕು ಪ್ರಯೋಗಾಲಯದಲ್ಲಿ ಇಡಿಯಾಗಿ ಇ. ಕೋಲಿ ಬ್ಯಾಕ್ಟೀರಿಯಾಕ್ಕೂ ದಾಟಿತು. ಒಂದೇ ಔಷಧವನ್ನು ಪದೇ ಪದೇ ಕೊಟ್ಟರೂ, ಜೊತೆಯಲ್ಲಿರುವ ಹನ್ನೊಂದು ಜೀನ್‌ಗಳು ಪುಕ್ಕಟೆಯಾಗಿ ಉಳಿದುಕೊಳ್ಳುತ್ತವೆ. ಸಾವಿರಾರು ದನಗಳನ್ನು ಒಟ್ಟಿಗೆ ಕೂಡಿ ಔಷಧ ಕೊಡುವ ಕಡೆ ಇಂಥ ತುಣುಕುಗಳಿಗೆ ಆಯ್ಕೆಯ ಒತ್ತಡ, ಅಂದರೆ ಅವನ್ನು ಹೊತ್ತ ಬ್ಯಾಕ್ಟೀರಿಯಾಗಳೇ ಉಳಿದು ಹೆಚ್ಚುವ ಸ್ಥಿತಿ, ಸದಾ ಇರುತ್ತದೆ. ಹುಳುಮನೆಯ ಇಲಿ ಹಿಡಿದು ಬದುಕುವ ಬೆಕ್ಕಿನ ಬಾಯಿಗೆ ಆಂಟಿಬಯಾಟಿಕ್ ತಾಗುವುದೇ ಅಪರೂಪ.