ಇಲ್ಲದ ಕಾಲು ನೋಯುತ್ತದೆ, ನಂಬಿ

ಕಾಲು ತೆಗೆಸಿಕೊಂಡವರನ್ನು ಮಡಿಕೇರಿಯ ನನ್ನ ಕ್ಲಿನಿಕ್ಕಿಗೆ ಕರೆತರುವವರು ಕೂರುವ ಮೊದಲೇ ಹೇಳುವ ಮಾತು ಒಂದೇ: "ಇವರ ತಲೆ ಸರಿಯಿಲ್ಲ ಡಾಕ್ಟ್ರೇ. ಇಲ್ಲದ ಕಾಲು ನೋಯುತ್ತೆ ಅಂತಾರೆ." ಪಕ್ಕದಲ್ಲಿ ಕೂತವರು ಮಡಚಿ ಪಿನ್ ಹಾಕಿದ ಪ್ಯಾಂಟಿನ ಮೇಲೆ ಕೈ ಇಟ್ಟು ತಲೆ ತಗ್ಗಿಸಿರುತ್ತಾರೆ.

ತಲೆ ಸರಿಯಾಗೇ ಇದೆ. ಕಾಲು ಹೋದರೂ ಮೆದುಳಿನಲ್ಲಿ ಅದರ ಜಾಗ ಉಳಿದಿರುತ್ತದೆ. ಕತ್ತರಿಸಿದ ನರದ ತುದಿಯೂ ಸುಮ್ನೆ ಇರುವುದಿಲ್ಲ, ಸುದ್ದಿ ಕಳಿಸುತ್ತಲೇ ಇರುತ್ತದೆ. ಮೆದುಳು ಅದನ್ನು ಹೆಬ್ಬೆರಳಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಅಮೆರಿಕದ ವೈದ್ಯ ಸೈಲಾಸ್ ವೇರ್ ಮಿಚೆಲ್ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿ, 1871ರಲ್ಲೇ ಇದಕ್ಕೆ 'ಫ್ಯಾಂಟಮ್ ಲಿಂಬ್', ಅಂದರೆ ಭೂತದಂಥ ಅಂಗ, ಅಂದರು. ಕೈಕಾಲು ಕಳೆದುಕೊಂಡ ಹೆಚ್ಚಿನವರಿಗೆ ಅದು ಇನ್ನೂ ಇದ್ದ ಹಾಗೇ ಅನಿಸುತ್ತದೆ. ಬಹಳ ಜನಕ್ಕೆ ನೋವೂ ಇರುತ್ತದೆ. ನಾಟಕ ಅಲ್ಲ, ಹುಚ್ಚೂ ಅಲ್ಲ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ಸಲ ಮತ್ತೆ ಅದೇ ರಾಗ.

ಸಕ್ಕರೆ ಕಾಯಿಲೆಯಿಂದ ಕಾಲು ಹೋದ ಎಸ್ಟೇಟ್ ರೈಟರ್ ಒಬ್ಬರಿಗೆ ಗಾಳಿ ಸೋಕಿದೆ ಅಂತ ಮನೆಯವರು ಮೊದಲು ನೂಲು ಕಟ್ಟಿಸಿದ್ದರು. ನಾನು ಇಸಿಜಿ ನೋಡಿ ಅಮಿಟ್ರಿಪ್ಟಿಲಿನ್ ಬರೆದೆ. ನರದ ನೋವಿಗೂ ಕೊಡುವ ಮಾತ್ರೆ ಅದು. ಮಗ ಮೊಬೈಲಿನಲ್ಲಿ ಹುಡುಕಿ, "ಇದು ಡಿಪ್ರೆಶನ್ ಮಾತ್ರೆ" ಅಂತ ನಿಲ್ಲಿಸಿಯೇ ಬಿಟ್ಟ. ಆಮೇಲೆ ಆ ಮನುಷ್ಯ ನೋವಿನ ಬಗ್ಗೆ ಬಾಯಿ ಬಿಡಲಿಲ್ಲ. ಗುಣವಾಯ್ತು ಅಂತ ಮನೆಯವರಿಗೆ ಖುಷಿ. ಒಂದು ರಾತ್ರಿ ಹೆಂಡತಿ ನೋಡುತ್ತಾರೆ, ಪಾದ ಇರಬೇಕಾದ ಕಡೆ ಬರೀ ಕಂಬಳಿ ಉಜ್ಜುತ್ತಿದ್ದಾರೆ. ಊಟ ಕಮ್ಮಿ, ನಿದ್ದೆ ಇಲ್ಲ, ಕಾಫಿ ಕುಯ್ಲಿನ ಸುದ್ದಿ ಎತ್ತಿದರೂ ಕಿವಿಗೊಡುತ್ತಿಲ್ಲ. ನಾನು ಹೆದರುವುದು ಈ ಮೌನಕ್ಕೇ. ನೋವು ಹೇಳಿ ನಗೆಪಾಟಲಾದವರು ಖಿನ್ನತೆಗೆ ಜಾರುವುದನ್ನು ಜಾಸ್ತಿ ನೋಡಿದ್ದೇನೆ.

ಅವರಿಗೆ ಮಾತ್ರೆ ಮತ್ತೆ ಶುರು ಮಾಡಿದೆವು, ಜೊತೆಗೆ ಕನ್ನಡಿ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿಕೊಟ್ಟ ಉಪಾಯ ಇದು. ಕನ್ನಡಿಯನ್ನು ಎರಡು ಕಾಲುಗಳ ನಡುವೆ ನಿಲ್ಲಿಸಿ, ಇರುವ ಕಾಲಿನ ಬೆರಳು ಆಡಿಸಬೇಕು. ಕನ್ನಡಿಯಲ್ಲಿ ಇಲ್ಲದ ಕಾಲೂ ಆಡಿದ ಹಾಗೆ ಕಾಣುತ್ತದೆ. "ಮುದುಡಿದ ಬೆರಳು ಬಿಚ್ಚಿದ ಹಾಗಾಯ್ತಮ್ಮಾ" ಅಂದರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಕೆಲವರಿಗೆ ಏನೂ ಆಗುವುದಿಲ್ಲ. ಉಳಿದ ಮೋಟುಗಾಲೇ ಕೆಂಪಾಗಿ ಊದಿಕೊಂಡಿದ್ದರೆ, ಕೀವು ಬರುತ್ತಿದ್ದರೆ, ಮೊದಲು ಸರ್ಜನ್‌ಗೆ ತೋರಿಸಿ.

ಎರಡು ವಾರ ಊಟ, ನಿದ್ದೆ, ಮಾತು ಬಿಟ್ಟಿದ್ದರೆ ಕರೆದುಕೊಂಡು ಬನ್ನಿ. ಸಾಯುವ ಮಾತೆತ್ತಿದರಂತೂ ಮಳೆ ಬಿಡಲಿ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮತ್ತೆ ಮಾತ್ರೆ ನಿಲ್ಲಿಸುವ ಮುಂಚೆ ದಯವಿಟ್ಟು ಬರೆದುಕೊಟ್ಟವರನ್ನು ಒಂದು ಮಾತು ಕೇಳಿ.