ಕಾಗದಪತ್ರ ಕೊಡಿ, ಕೊಡಲ್ಲ: ಅಮೆರಿಕದ ಮೊದಲ ಅಧ್ಯಕ್ಷರು ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶಗಳು

ಅಮೆರಿಕದ ಸಂವಿಧಾನದಲ್ಲಿ ವಿದೇಶ ವ್ಯವಹಾರದ ಬಗ್ಗೆ ಇರುವ ಮಾತು ತೀರಾ ಕಡಿಮೆ. ಅಧ್ಯಕ್ಷರು ಸೆನೆಟ್‌ನ ಸಲಹೆ ಮತ್ತು ಒಪ್ಪಿಗೆ ಪಡೆದು ಒಪ್ಪಂದ ಮಾಡಬಹುದು. ಅದಕ್ಕೆ ಹಾಜರಿದ್ದ ಸೆನೆಟರ್‌ಗಳಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು. ಖಜಾನೆಯಿಂದ ದುಡ್ಡು ತೆಗೆಯಬೇಕಾದರೆ ಕಾನೂನು ಆಗಬೇಕು. ದೇಶದ ಸ್ಥಿತಿಗತಿಯನ್ನು ಅಧ್ಯಕ್ಷರು ಆಗಾಗ ಕಾಂಗ್ರೆಸ್ಸಿಗೆ ತಿಳಿಸುತ್ತಿರಬೇಕು. ಹೆಚ್ಚುಕಮ್ಮಿ ಇಷ್ಟೇ. (ಕಾಂಗ್ರೆಸ್ ಅಂದರೆ ಇಲ್ಲಿ ಪಕ್ಷ ಅಲ್ಲ, ಅಲ್ಲಿನ ಸಂಸತ್ತು. ಅದರ ಎರಡು ಮನೆಗಳು ಸೆನೆಟ್ ಮತ್ತು ಪ್ರತಿನಿಧಿ ಸಭೆ.)

ಮಾತುಕತೆಯ ಕಾಗದಪತ್ರ ಯಾರು ನೋಡಬಹುದು? ಪ್ರತಿನಿಧಿ ಸಭೆಗೆ ಒಪ್ಪಂದದಲ್ಲಿ ಪಾಲು ಉಂಟಾ? ಬೇರೆ ದೇಶ ತಾನಾಗಿ ಮೇಲೆ ಬಿದ್ದರೆ ಅಧ್ಯಕ್ಷರು ಏನು ಮಾಡಬಹುದು? ಇದಕ್ಕೆಲ್ಲ ಬರಹದಲ್ಲಿ ನೇರ ಉತ್ತರ ಇಲ್ಲ. ಒಂದೊಂದು ಜಗಳ ಬಂದಾಗ ಒಂದೊಂದು ಉತ್ತರ ಹುಟ್ಟಿತು. ಮೊದಲ ನಾಲ್ಕು ಅಧ್ಯಕ್ಷರು ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶಗಳು ಆ ಜಗಳಗಳ ಒಂದು ಕಡೆಯ ವಾದ. ಹಾಗಾಗಿ ಸಂದೇಶ ಓದುವ ಮುಂಚೆ, ಎದುರಿನವರು ಏನು ಕೇಳಿದ್ದರು ಅಂತ ಹುಡುಕಿಕೊಳ್ಳಿ. ನೋಟ್ಸ್‌ಗಳಲ್ಲಿ ಸಾಮಾನ್ಯವಾಗಿ ಅಧ್ಯಕ್ಷರ ಉತ್ತರ ಇರುತ್ತದೆ, ಪ್ರಶ್ನೆ ಇರುವುದಿಲ್ಲ.

ಮೊದಲು 1789ರ ಆಗಸ್ಟ್ 22. ಜಾರ್ಜ್ ವಾಷಿಂಗ್ಟನ್ ‘ಸಲಹೆ’ ಅನ್ನುವುದನ್ನು ಅಕ್ಷರಶಃ ತೆಗೆದುಕೊಂಡು, ಯುದ್ಧ ಇಲಾಖೆಯ ಹೆನ್ರಿ ನಾಕ್ಸ್ ಜೊತೆ ತಾವೇ ಸೆನೆಟ್‌ಗೆ ಹೋದರು. ದಕ್ಷಿಣದ ಮೂಲನಿವಾಸಿ ಬುಡಕಟ್ಟುಗಳ ಜೊತೆ ಒಪ್ಪಂದ ಆಗಬೇಕಿತ್ತು. ಉಪಾಧ್ಯಕ್ಷ ಜಾನ್ ಆಡಮ್ಸ್ ಕಾಗದ ಓದಿದರು. ನ್ಯೂಯಾರ್ಕಿನ ಬೀದಿಯಲ್ಲಿ ಗಾಡಿಗಳ ಸದ್ದು ಎಷ್ಟಿತ್ತೆಂದರೆ ಒಳಗೆ ಏನೂ ಕೇಳಿಸಲಿಲ್ಲ. ಕಿಟಕಿ ಮುಚ್ಚಿ ಮತ್ತೆ ಓದಬೇಕಾಯಿತು. ಹೌದು ಅಥವಾ ಇಲ್ಲ ಅಂತ ಅಲ್ಲೇ ಹೇಳಿ ಎಂಬುದು ವಾಷಿಂಗ್ಟನ್ ನಿರೀಕ್ಷೆ. ಸೆನೆಟರ್‌ಗಳು ಸಮಿತಿಗೆ ಒಪ್ಪಿಸೋಣ ಎಂದರು. ಅಧ್ಯಕ್ಷರಿಗೆ ಸಿಟ್ಟು ಬಂತು, ‘ನಾನು ಬಂದ ಉದ್ದೇಶವೇ ಹಾಳಾಯಿತು’ ಎಂಬರ್ಥದ ಮಾತು ಹೇಳಿದರು. ಇದೆಲ್ಲ ನಮಗೆ ಗೊತ್ತಿರುವುದು ಪೆನ್ಸಿಲ್ವೇನಿಯಾದ ಸೆನೆಟರ್ ವಿಲಿಯಂ ಮೆಕ್ಲೇ ಅವರ ಡೈರಿಯಿಂದ. ಮೆಕ್ಲೇಗೆ ಅಧ್ಯಕ್ಷರ ಗತ್ತು ಅಷ್ಟಾಗಿ ಹಿಡಿಸುತ್ತಿರಲಿಲ್ಲ, ಅದು ನೆನಪಿರಲಿ. ಸೋಮವಾರ ವಾಷಿಂಗ್ಟನ್ ಮತ್ತೆ ಬಂದು ಕೆಲಸ ಮುಗಿಸಿದರು. ಆಮೇಲೆ ಹಾಗೆ ಸಲಹೆ ಕೇಳಲು ಹೋಗಲೇ ಇಲ್ಲ. ಒಪ್ಪಂದದ ವಿಷಯ ಕಾಗದದ ಮೇಲೆ ಹೋಗತೊಡಗಿತು.

ಈಗ 1796ರ ಮಾರ್ಚ್ 30ರ ಸಂದೇಶ. ಒಂದೇ ಒಂದು ಓದಲು ಸಮಯ ಇದ್ದರೆ ಇದನ್ನೇ ಓದಿ. ಹಿನ್ನೆಲೆ ಜೇ ಒಪ್ಪಂದ. ಬ್ರಿಟನ್ ಡೆಟ್ರಾಯಿಟ್, ನಯಾಗರದಂಥ ಕೋಟೆಗಳನ್ನು ಬಿಟ್ಟುಕೊಟ್ಟಿರಲಿಲ್ಲ, ಅಮೆರಿಕದ ಹಡಗುಗಳನ್ನು ಹಿಡಿಯುತ್ತಿತ್ತು. ಮುಖ್ಯ ನ್ಯಾಯಮೂರ್ತಿ ಜಾನ್ ಜೇ ಲಂಡನ್ನಿಗೆ ಹೋಗಿ 1794ರ ನವೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. 1795ರ ಜೂನ್‌ನಲ್ಲಿ ಸೆನೆಟ್ 20-10ರಿಂದ ಒಪ್ಪಿತು. ಮೂರನೇ ಎರಡು ಅಂದರೆ ಸರಿಯಾಗಿ ಮೂರನೇ ಎರಡು, ಒಂದು ಮತ ಆಚೀಚೆ ಆಗಿದ್ದರೂ ಬಿದ್ದುಹೋಗುತ್ತಿತ್ತು. ಜನ ಬೀದಿಗಿಳಿದು ಜೇ ಅವರ ಪ್ರತಿಕೃತಿ ಸುಟ್ಟರು.

ಒಪ್ಪಂದ ಜಾರಿಗೆ ಬರಲು ದುಡ್ಡು ಬೇಕು. ದುಡ್ಡಿಗೆ ಪ್ರತಿನಿಧಿ ಸಭೆಯ ಒಪ್ಪಿಗೆ ಬೇಕು. ಅಲ್ಲಿ ವಿರೋಧಿಗಳದೇ ಕೈ ಮೇಲು. ನ್ಯೂಯಾರ್ಕಿನ ಎಡ್ವರ್ಡ್ ಲಿವಿಂಗ್‌ಸ್ಟನ್ ಒಂದು ನಿರ್ಣಯ ತಂದರು: ಜೇಗೆ ಕೊಟ್ಟ ಸೂಚನೆಗಳು, ಪತ್ರವ್ಯವಹಾರ, ಎಲ್ಲ ನಮಗೆ ಕೊಡಿ; ಇನ್ನೂ ನಡೆಯುತ್ತಿರುವ ಮಾತುಕತೆಗೆ ತೊಂದರೆ ಆಗುವಂಥದ್ದನ್ನು ಬೇಕಾದರೆ ಬಿಡಿ. ಮಾರ್ಚ್ 24ರಂದು 62-37ರಿಂದ ಪಾಸಾಯಿತು.

ವಾಷಿಂಗ್ಟನ್ ಕೊಡಲ್ಲ ಎಂದರು. ಅವರ ವಾದದ ಸರಣಿ ಗಮನಿಸಿ. ಹೊರದೇಶದ ಜೊತೆಗಿನ ಮಾತುಕತೆಗೆ ಗುಟ್ಟು ಬೇಕು. ಮಾತುಕತೆ ಮುಗಿದ ಮೇಲೂ ಎಲ್ಲವನ್ನೂ ಬಿಚ್ಚಿಟ್ಟರೆ ಮುಂದಿನ ಮಾತುಕತೆಗೆ ಏಟು ಬೀಳುತ್ತದೆ. ಅದಕ್ಕೇ ಸಂವಿಧಾನ ಈ ಕೆಲಸವನ್ನು ಅಧ್ಯಕ್ಷರಿಗೂ ಕಡಿಮೆ ಸದಸ್ಯರಿರುವ ಸೆನೆಟ್‌ಗೂ ವಹಿಸಿದೆ. ಸೆನೆಟ್‌ಗೆ ಎಲ್ಲ ಕಾಗದ ತೋರಿಸಿ ಆಗಿದೆ. ಪ್ರತಿನಿಧಿ ಸಭೆಗೆ ಈ ಕಾಗದ ಬೇಕಾಗಬಹುದಾದ ಸಂದರ್ಭ ವಾಗ್ದಂಡನೆ (ಪದವಿಯಿಂದ ಇಳಿಸಲು ಆರೋಪ ಹೊರಿಸುವುದು) ಒಂದೇ, ಆದರೆ ನಿಮ್ಮ ನಿರ್ಣಯದಲ್ಲಿ ಆ ಮಾತೇ ಇಲ್ಲವಲ್ಲ! ಈ ಕೊನೆಯದು ಒಳ್ಳೆ ಜಾಣ ಏಟು. ತಾಕತ್ತಿದ್ದರೆ ವಾಗ್ದಂಡನೆ ಅಂತ ಬಾಯಿಬಿಟ್ಟು ಹೇಳಿ ಎಂದು ಸವಾಲು ಹಾಕಿದಂತೆ. ವಾಷಿಂಗ್ಟನ್ ಮೇಲೆ ಅದನ್ನು ಹೇಳುವ ಧೈರ್ಯ ಯಾರಿಗಿತ್ತು?

ಇಷ್ಟಕ್ಕೇ ನಿಲ್ಲಿಸಲಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದ ಸಭೆಗೆ ಅವರೇ ಅಧ್ಯಕ್ಷರಾಗಿದ್ದರು. ಆ ಸಭೆಯ ನಡಾವಳಿ ಪುಸ್ತಕ ವಿದೇಶಾಂಗ ಇಲಾಖೆಯಲ್ಲಿತ್ತು, ಆಗಿನ್ನೂ ಅಚ್ಚಾಗಿರಲಿಲ್ಲ. ‘ಕಾನೂನಿನಿಂದ ದೃಢವಾಗದ ಒಪ್ಪಂದ ದೇಶವನ್ನು ಕಟ್ಟಿಹಾಕಬಾರದು’ ಎಂಬ ಸಲಹೆ ಅಲ್ಲಿ ಬಂದಿತ್ತು, ಅದನ್ನು ತಳ್ಳಿಹಾಕಲಾಗಿತ್ತು ಎಂದು ಆ ಪುಸ್ತಕ ತೋರಿಸಿ ಬರೆದರು. ಮಜಾ ಏನೆಂದರೆ, ಪ್ರತಿನಿಧಿ ಸಭೆಯ ವಿರೋಧಿಗಳ ಸಾಲಿನಲ್ಲಿದ್ದ ಜೇಮ್ಸ್ ಮ್ಯಾಡಿಸನ್ 1787ರ ಆ ಸಭೆಯಲ್ಲಿ ದಿನದಿನದ ಚರ್ಚೆ ಬರೆದಿಟ್ಟುಕೊಂಡವರು. ಅವರ ಮರುವಾದ ಹೀಗಿತ್ತು: ಕರಡು ಬರೆದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಪ್ರಮಾಣ ಅಲ್ಲ. ಸಂವಿಧಾನಕ್ಕೆ ಜೀವ ಕೊಟ್ಟದ್ದು ರಾಜ್ಯಗಳ ಅಂಗೀಕಾರ ಸಭೆಗಳು, ಅರ್ಥ ಹುಡುಕುವುದಾದರೆ ಅಲ್ಲಿ ಹುಡುಕಿ. ಇವತ್ತಿಗೂ ಸಂವಿಧಾನ ವ್ಯಾಖ್ಯಾನದ ಚರ್ಚೆಯಲ್ಲಿ ಈ ಎರಡು ನಿಲುವುಗಳು ಗುದ್ದಾಡುತ್ತಲೇ ಇವೆ.

ಏಪ್ರಿಲ್ 7ರಂದು ಪ್ರತಿನಿಧಿ ಸಭೆ 57-35ರಿಂದ ತನ್ನ ನಿಲುವನ್ನು ದಾಖಲಿಸಿತು: ಒಪ್ಪಂದ ಮಾಡುವುದರಲ್ಲಿ ನಮಗೆ ಪಾಲು ಬೇಡ, ಆದರೆ ಅದು ಕಾಂಗ್ರೆಸ್ಸಿನ ಅಧಿಕಾರದ ವಿಷಯ ಮುಟ್ಟಿದರೆ ಜಾರಿಗೆ ನಮ್ಮ ಕಾನೂನು ಬೇಕೇ ಬೇಕು. ಭಾರತದ ಸಂವಿಧಾನ ಓದುವವರಿಗೆ ಈ ಧಾಟಿ ಹೊಸದೇನಲ್ಲ. ನಮ್ಮಲ್ಲಿ ಒಪ್ಪಂದ ಮಾಡುವುದು ಸರ್ಕಾರ, ಅದಕ್ಕೆ ಕಾನೂನು ಬೇಕಾದರೆ 253ನೇ ವಿಧಿಯಡಿ ಸಂಸತ್ತು. ಕೊನೆಗೆ ಏಪ್ರಿಲ್ 30ರಂದು 51-48ರಿಂದ ದುಡ್ಡು ಮಂಜೂರಾಯಿತು. ಕಾಗದ ಸಿಗಲಿಲ್ಲ, ಒಪ್ಪಂದ ಉಳಿಯಿತು, ತತ್ವದ ಪ್ರಶ್ನೆ ಹಾಗೇ ಉಳಿಯಿತು. ಯಾರು ಗೆದ್ದರು ಅಂತ ಪರೀಕ್ಷೆಯಲ್ಲಿ ಕೇಳಿದರೆ ಈ ಮೂರನ್ನೂ ಬರೆಯಿರಿ.

ಎರಡು ವರ್ಷ ಕಳೆಯಿತು. ಅಧ್ಯಕ್ಷರು ಈಗ ಆಡಮ್ಸ್, ತಂಟೆ ಫ್ರಾನ್ಸ್ ಜೊತೆ. ಪ್ಯಾರಿಸ್‌ಗೆ ಹೋದ ರಾಯಭಾರಿಗಳ ಕೆಲಸ ಕೈಗೂಡುವ ಆಸೆ ಇಲ್ಲ ಎಂದು 1798ರ ಮಾರ್ಚ್ 19ರ ಸಂದೇಶದಲ್ಲಿ ಹೇಳಿ, ರಕ್ಷಣೆಗೆ ಸಿದ್ಧರಾಗಿ ಎಂದರು. ವಿರೋಧಿಗಳು ನಂಬಲಿಲ್ಲ. ಇವರು ಏನೋ ಮುಚ್ಚಿಡುತ್ತಿದ್ದಾರೆ, ಕಾಗದ ತೋರಿಸಲಿ ಎಂದರು. ಆಡಮ್ಸ್ ಬೆಂಬಲಿಗರಲ್ಲಿ ಕೆಲವರು ಖುಷಿಯಿಂದಲೇ ಕೈ ಜೋಡಿಸಿದರು, ಒಳಗೇನಿದೆ ಎಂಬ ಸುಳಿವು ಅವರಿಗೆ ಸಿಕ್ಕಿತ್ತು. ಏಪ್ರಿಲ್ 3ರಂದು ಕಾಗದ ಬಂತು. ಫ್ರಾನ್ಸಿನ ವಿದೇಶಾಂಗ ಮಂತ್ರಿ ತಾಲೆರಾನ್ ಪರವಾಗಿ ಬಂದವರು ಮಾತುಕತೆ ಶುರುವಾಗುವ ಮೊದಲೇ ಸುಮಾರು 50,000 ಪೌಂಡ್ ಲಂಚ ಕೇಳಿದ್ದರು, ಜೊತೆಗೆ ದೊಡ್ಡ ಸಾಲ. ಅವರ ಹೆಸರಿನ ಜಾಗದಲ್ಲಿ ಎಕ್ಸ್, ವೈ, ಝಡ್ ಅಂತ ಹಾಕಿದ್ದರು. ಕೇಳಿದವರೇ ಸುಸ್ತು! ದೇಶದ ತುಂಬ ಫ್ರಾನ್ಸ್ ವಿರುದ್ಧ ಕೋಪ ಎದ್ದಿತು. 1796ರಲ್ಲಿ ಕಾಗದ ತಡೆದದ್ದು ಅಧ್ಯಕ್ಷರಿಗೆ ಅನುಕೂಲವಾಗಿತ್ತು, 1798ರಲ್ಲಿ ಕೊಟ್ಟದ್ದು ಅನುಕೂಲವಾಯಿತು. ಸುಮ್ನೆ ತತ್ವ ಅಂತ ಓದಿದರೆ ಇದು ಕಾಣೋದಿಲ್ಲ.

ಥಾಮಸ್ ಜೆಫರ್‌ಸನ್ ಅಧ್ಯಕ್ಷರಾಗಿ ಬಂದಮೇಲೆ ವಾರ್ಷಿಕ ಸಂದೇಶವನ್ನು ಖುದ್ದಾಗಿ ಹೋಗಿ ಓದುವುದು ನಿಂತಿತು, ಬರೆದು ಕಳಿಸಿದರು. 1913ರವರೆಗೆ ಅದೇ ರೂಢಿ. 1801ರ ಡಿಸೆಂಬರ್ 8ರ ಆ ಮೊದಲ ಸಂದೇಶದಲ್ಲಿ ಉತ್ತರ ಆಫ್ರಿಕದ ಟ್ರಿಪೋಲಿ ರಾಜ್ಯದ ವಿಷಯ ಇದೆ. ಎಂಟರ್‌ಪ್ರೈಸ್ ಎಂಬ ಅಮೆರಿಕದ ಹಡಗು ಟ್ರಿಪೋಲಿಯ ಹಡಗನ್ನು ಸೋಲಿಸಿತು. ಕಾಂಗ್ರೆಸ್ಸಿನ ಅನುಮತಿ ಇಲ್ಲದೆ ಆತ್ಮರಕ್ಷಣೆಯ ಗೆರೆ ದಾಟಲು ಸಂವಿಧಾನ ಬಿಡದ ಕಾರಣ, ಇನ್ನು ಕಾದಲಾಗದಂತೆ ಮಾಡಿ ಅದನ್ನು ಬಿಟ್ಟುಬಿಟ್ಟೆವು ಎಂದು ಜೆಫರ್‌ಸನ್ ಬರೆದರು. ಓದಲು ಬಹಳ ಚಂದ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ನೌಕಾದಳಕ್ಕೆ ಹೋದ ಆದೇಶದಲ್ಲಿ, ಟ್ರಿಪೋಲಿ ಯುದ್ಧ ಸಾರಿದ್ದರೆ ಅವರ ಹಡಗುಗಳನ್ನು ಮುಳುಗಿಸಿ, ಸುಟ್ಟುಹಾಕಿ ಎಂದಿತ್ತು. ಕಾಂಗ್ರೆಸ್ ಎದುರು ತೋರಿಸಿದ ವಿನಯ ಆದೇಶದಲ್ಲಿ ಇರಲಿಲ್ಲ. ವಾಷಿಂಗ್ಟನ್ ಕಾಲದ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬೇರೆ ಹೆಸರಲ್ಲಿ ಪತ್ರಿಕೆಗೆ ಬರೆದು ಈ ಸಂದೇಶವನ್ನು ಜಾಡಿಸಿದರು: ಎದುರಾಳಿಯೇ ಯುದ್ಧ ಶುರು ಮಾಡಿದ ಮೇಲೆ ನಾವು ಇನ್ನೊಮ್ಮೆ ಸಾರುವುದು ಯಾಕೆ?

ಮುಂದೆ ಓದುವವರು 1812ರ ಜೂನ್ 1ರ ಸಂದೇಶಕ್ಕೆ ಹೋಗಿ. ಬರೆದವರು ಮ್ಯಾಡಿಸನ್, ಈಗ ಅಧ್ಯಕ್ಷರು. ಬ್ರಿಟನ್ನಿನ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಾರೆ. ನಾವಿಕರನ್ನು ಬಲವಂತವಾಗಿ ಹಿಡಿದೊಯ್ದದ್ದು, ಕರಾವಳಿಯಲ್ಲಿ ಹಡಗುಗಳನ್ನು ಕಾಡಿದ್ದು. ಯುದ್ಧ ಮಾಡಿ ಅಂತ ಮಾತ್ರ ನೇರವಾಗಿ ಹೇಳುವುದಿಲ್ಲ. ಈ ಪ್ರಶ್ನೆಯನ್ನು ಸಂವಿಧಾನ ಶಾಸಕಾಂಗಕ್ಕೆ ಬಿಟ್ಟಿದೆ, ನೀವೇ ತೀರ್ಮಾನಿಸಿ ಎನ್ನುತ್ತಾರೆ. ಪ್ರತಿನಿಧಿ ಸಭೆಯಲ್ಲಿ 79-49, ಸೆನೆಟ್‌ನಲ್ಲಿ 19-13. ಜೂನ್ 18ರಂದು ಯುದ್ಧ ಘೋಷಣೆ ಆಯಿತು.